ಸಾಲಿನಾಚೆ ಇಟ್ಟ ಡಬ್ಬಿ

ನಾನು ಚಿಕ್ಕವಳಿದ್ದಾಗ, ೧೯೭೪ರ ಚಳಿಗಾಲದಲ್ಲಿ, ಪುಣೆಯ ಹತ್ತಿರದ ನಿಗಡಿಯಲ್ಲಿ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ಹೊರದೇಶದಿಂದ ಬರುವ ತೈಲ ತುಟ್ಟಿಯಾಗಿದೆ ಎಂದು ಅಪ್ಪ ಕಾರ್ಖಾನೆಯಲ್ಲಿ ಕೇಳಿಕೊಂಡು ಬಂದಿದ್ದರು. ನಮ್ಮ ಚಾಳಿನ ಎಲ್ಲ ಮನೆಗಳಲ್ಲೂ ಅಡುಗೆ ಸೀಮೆಎಣ್ಣೆ ಸ್ಟೋವಿನ ಮೇಲೆಯೇ ಆಗುತ್ತಿತ್ತು.

ಹೆರಿಗೆಗೆಂದು ಬಂದಿದ್ದ ಅಕ್ಕ ಹೆತ್ತು ಇನ್ನೂ ವಾರ ಕಳೆದಿರಲಿಲ್ಲ. ಧಾರವಾಡದ ಕಡೆಯ ನಮ್ಮಲ್ಲಿ ಬಾಣಂತಿಗೂ ಕೂಸಿಗೂ ದಿನಾ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ಹಂಡೆ ಕಾಯಲು ಸ್ಟೋವು ಬಹಳ ಹೊತ್ತು ಉರಿಯಬೇಕು. ಅಂದು ಬೆಳಿಗ್ಗೆ ಅವ್ವ ಸ್ಟೋವನ್ನು ಎತ್ತಿ ಅಲ್ಲಾಡಿಸಿದಳು. ಒಳಗೆ ಎಣ್ಣೆಯ ಸದ್ದೇ ಬರಲಿಲ್ಲ.

ರೇಷನ್ ಅಂಗಡಿಯ ಮುಂದೆ ಜನರ ಬದಲು ಡಬ್ಬಿಗಳು ಸಾಲಾಗಿ ಕೂತಿದ್ದವು. ಡಬ್ಬಿ ಇಟ್ಟವರು ಮನೆಗೆಲಸ ಮುಗಿಸಿಕೊಂಡು ಬರುವುದು ವಾಡಿಕೆ. ನಮಗೆ ಪುರುಡು ಇತ್ತು. ಮನೆಯಲ್ಲಿ ಮಗು ಹುಟ್ಟಿದ ಮೇಲೆ ಕೆಲವು ದಿನ ನಾವು ಯಾರನ್ನೂ ಮುಟ್ಟುವಂತಿರಲಿಲ್ಲ. ನಮ್ಮ ಡಬ್ಬಿ ಬೇರೆಯವರ ಡಬ್ಬಿಗೆ ತಾಗಬಾರದೆಂದು ಅವ್ವ ಅದನ್ನು ಸಾಲಿನಿಂದ ಒಂದು ಮೊಳ ಆಚೆ ಇಟ್ಟಳು. "ನೀರು ತುಂಬಿ ಬರೂಣು ನಡಿ" ಅಂದಳು.

ಬಿಸಿಲೇರಿದ ಮೇಲೆ ನಾವು ಹೋದಾಗ ಅಂಗಡಿಯವನು ಬ್ಯಾರೆಲ್ಲನ್ನು ಓರೆ ಮಾಡಿ ತಳದ ಎಣ್ಣೆ ಬಸಿಯುತ್ತಿದ್ದ. ಸಾಲು ಮುಂದೆ ಹೋಗಿತ್ತು. ನಮ್ಮ ಡಬ್ಬಿ ಇಟ್ಟಲ್ಲೇ ಇತ್ತು.

"ನಸಕಿನ್ಯಾಗ ಇಟ್ಟೇನ್ರಿ" ಅಂದಳು ಅವ್ವ.

"ಲೈನೀತ್ ನವ್ಹತಾ" ಅಂದ ಅವನು ಮರಾಠಿಯಲ್ಲಿ. ಡಬ್ಬಿ ಸಾಲಿನಲ್ಲಿ ಇರಲಿಲ್ಲವಂತೆ.

ಪಕ್ಕದ ಮನೆಯ ಮರಾಠಿ ಆಜಿ ತುಂಬಿದ ಡಬ್ಬಿ ಹಿಡಿದು ನಿಂತಿದ್ದಳು. ಸಂಗತಿ ತಿಳಿದು ನಕ್ಕಳು. "ರಾಕೆಲ್‌ಲಾ ಕಸಲಂ ಸೋಯರ್, ಬಾಯಿ?" ಸೀಮೆಎಣ್ಣೆಗೆ ಎಂಥ ಪುರುಡು ಎಂದು ಅವಳ ಮಾತು. ಅಷ್ಟು ಹೇಳಿ ತನ್ನ ಡಬ್ಬಿಯ ಮುಚ್ಚಳ ತೆಗೆದಳು.

"ಮುಟ್ಟಬ್ಯಾಡ್ರಿ ಆಜಿ, ಮ್ಯಾಲಿಂದ ಸುರವ್ರಿ" ಎಂದು ಅವ್ವ ದೂರ ಸರಿದಳು. ಆಜಿ ಮೇಲಿಂದಲೇ ಸುರಿದಳು. ಒಂದಿಷ್ಟು ಮಣ್ಣಿನ ಪಾಲಾಯಿತು. ನೆಲದ ಮೇಲೆ ಎಣ್ಣೆಯ ಕಲೆ ಹರಡಿತು.

ಆ ಎಣ್ಣೆಯಲ್ಲಿ ಒಂದು ಕೊಡ ನೀರು ಕಾಯಿತು. ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ಅವ್ವ ಕೊಡದ ಮುಂದೆ ಕೂತಳು, ಯಾರಿಗೆ ಎರೆಯಬೇಕೆಂದು ತಿಳಿಯದೆ.

"ಕೂಸಿಗೆ ಎರಿ ಅವ್ವಾ. ನಂದು ನಾಳಿಗಿ ನೋಡೂಣು" ಎಂದು ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ಪಾಳಿ ಮುಗಿಸಿ ಬಂದ ಅಪ್ಪ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೆಳಗಿಟ್ಟರು.

ಮರುದಿನ ಬ್ಯಾರೆಲ್ಲು ಬರುವ ಸುದ್ದಿ ಇತ್ತು. ಪುರುಡು ಇನ್ನೂ ಕಳೆದಿರಲಿಲ್ಲ. ಅವ್ವ ನಸುಕಿನಲ್ಲೇ ಹೋಗಿ ನಮ್ಮ ಡಬ್ಬಿಯನ್ನು ಮುಂದಿನವರ ಡಬ್ಬಿಗೆ ತಾಗಿಸಿ ಇಟ್ಟಳು. ಅಂದು ಅಕ್ಕನಿಗೂ ನೀರು ಎರೆದಳು.

ಮಕ್ಕಳೇ, ನಿಮ್ಮ ಮನೆಗೆ ಗ್ಯಾಸು ಕೊಳವೆಯಲ್ಲಿ ಬರುತ್ತದೆ. ಗುಂಡಿ ಒತ್ತಿದರೆ ಸ್ನಾನದ ನೀರು ಬಿಸಿಯಾಗುತ್ತದೆ. ಆ ನೀರು ಮಾತ್ರ ನಿಮ್ಮ ಕಟ್ಟಡಕ್ಕೆ ಟ್ಯಾಂಕರಿನಲ್ಲಿ ಬರುತ್ತದೆ. ಇಂದಿನ ಟ್ಯಾಂಕರು ಬೆಳಿಗ್ಗೆ ಏಳಕ್ಕೆ ಬರಬೇಕಿತ್ತು. ಈಗ ಮಧ್ಯಾಹ್ನ. ಇನ್ನೂ ಬಂದಿಲ್ಲ.