ನಾಲ್ಕು ನಿಮಿಷಕ್ಕೊಂದು ಪದ

ದಾಂಡೇಲಿಯ ಮಧುಮತಿ ಎಂಟು ವರ್ಷದಿಂದ ವಯೋಲಿನ್ ನುಡಿಸುತ್ತಿದ್ದಳು. ಆದರೆ ಒಮ್ಮೆಯೂ ತಾನೇ ಮೊದಲು ಶುರು ಮಾಡಿದವಳಲ್ಲ. ಅವಳ ಅಜ್ಜಿ ಗುರುಬಸವ್ವ ಪೇಪರ್ ಮಿಲ್ಲಿನ ಓಣಿಯ ಭಜನಾ ಮಂಡಳಿಗೆ ಮುಂದಾಳು. ಸೋಮವಾರ ಸಂಜೆ ಅಜ್ಜಿ ಒಂದು ಸಾಲು ಹಾಡುವುದು, ಮೊಮ್ಮಗಳು ಅದನ್ನೇ ಹಿಂದಿನಿಂದ ಹಿಡಿದು ನುಡಿಸುವುದು. ಮಿಲ್ಲಿನಿಂದ ನಿವೃತ್ತರಾಗಿದ್ದ, ಅವಳ ವಯೋಲಿನ್ ಗುರು ಶಿವಲಿಂಗಪ್ಪ ಮಾಸ್ತರರು ಕಲಿಸಿದ ಮೊದಲ ಪಾಠವೇ ಅದು: "ಸಾಥ್ ಕೊಡೋರು ಹಾಡೋರನ್ನ ದಾಟಿ ಹೋಗಬಾರದು." ಹುಡುಗಿ ಅಚ್ಚುಕಟ್ಟಾಗಿ ಪಾಲಿಸಿದಳು. ಪಾಲಿಸಿದ್ದೇ ತಪ್ಪಾಯಿತು.

ಧಾರವಾಡದಲ್ಲಿ ಹದಿನೆಂಟರೊಳಗಿನವರ ವಾದ್ಯವೃಂದ ಕಟ್ಟುತ್ತಾರೆಂಬ ಸುದ್ದಿ ಬಂತು. ಆಯ್ಕೆಗೆ ನಾಲ್ಕು ನಿಮಿಷ, ಒಬ್ಬರೇ ನುಡಿಸಬೇಕು, ಏನು ಬೇಕಾದರೂ ನುಡಿಸಬಹುದು. ಇಪ್ಪತ್ತು ವಯೋಲಿನ್ ಒಟ್ಟಿಗೆ ಮೊಳಗುವುದನ್ನು ಮೊಬೈಲಿನಲ್ಲಿ ಕೇಳಿ ಅತ್ತಿದ್ದ ಹುಡುಗಿ ಅವಳು. ಅಲ್ಲಿ ತಾನೂ ಒಬ್ಬಳಾಗಿ ಕೂರದಿದ್ದರೆ ಈ ವಯೋಲಿನ್ ಯಾಕೆ ಬೇಕು ಅನ್ನಿಸಿತ್ತು.

ಮಾಸ್ತರರು ಭೀಮಪಲಾಸ ರಾಗ ಆರಿಸಿದರು. ಅದೂ ದ್ರುತ್ ಎಂಬ ವೇಗದ ಲಯದಲ್ಲಿ, ಪರೀಕ್ಷಕರು ಬಾಯಿ ತೆರೆದುಕೊಂಡು ಕೂರುವಂಥ ತಾನಗಳೊಂದಿಗೆ. ಹತ್ತು ದಿನ ಗುರುಶಿಷ್ಯರು ಜೊತೆಗೇ ನುಡಿಸಿದರು. ಹನ್ನೊಂದನೆಯ ದಿನ ಮಂಡಳಿಯ ಮುಂದೆ ಅವಳೊಬ್ಬಳನ್ನೇ ಕೂರಿಸಿದರು. ಅವಳು ತಂತಿಯ ಮೇಲೆ ಕಮಾನು ಇಟ್ಟಳು. ಇಟ್ಟುಕೊಂಡು ಅಜ್ಜಿಯ ಮುಖ ನೋಡುತ್ತ ಕೂತಳು.

"ಯಾಕ, ನುಡಸs ಮಧು," ಅಂದಳು ಅಜ್ಜಿ.

ಶುರು ಮಾಡಿದಳು. ಒಂದು ಸಾಲು ಮುಗಿಯುತ್ತಲೇ ಮತ್ತೆ ನಿಂತಳು. ಹಳಿಯಾಳದ ಬಸ್ಸಿನಂತೆ ಹೆಜ್ಜೆಗೊಂದು ಸ್ಟಾಪು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಧುಮತಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ತಪ್ಪು ನಂದs ರೀ ಅಕ್ಕಾರ," ಮಾಸ್ತರರು ಹಣೆ ಚಚ್ಚಿಕೊಂಡರು. "ಎಂಟು ವರ್ಷ ಹುಡಿಗೀಗೆ ಹಿಂದ ನಡಿಯೂದಷ್ಟs ಕಲಿಸೇನಿ."

ಮಧುಮತಿ ತಲೆ ಎತ್ತಿದಳು. "ಮಾಸ್ತರ, ಭೀಮಪಲಾಸ ಬ್ಯಾಡ್ರಿ. ಅಜ್ಜಿ ಪದಾ ನುಡಸ್ತೇನಿ. ಅದರ ಒಂದೊಂದು ಉಸಿರೂ ನಂಗ ಗೊತ್ತೈತಿ."

"ಧಾರವಾಡದಾಗ ಭಜನಿ ಪದಾ? ಅಲ್ಲಿ ದೊಡ್ಡದೊಡ್ಡ ಮಂದಿ ಇರ್ತಾರವಾ!"

"ಇರ್ಲಿ ಬಿಡ್ರಿ. ಆದ್ರ ಇನ್ನ ಮ್ಯಾಲೆ ನಾ ಮೊದಲ ನುಡಸ್ತೇನಿ, ಅಜ್ಜಿ ಹಿಂದ ಹಾಡಬೇಕು."

ನಲವತ್ತು ವರ್ಷ ಮುಂದೆ ನಡೆದ ಬಾಯಿ ಅದು, ಹಿಂದೆ ನಿಂತೀತೇ? ಮೊದಲ ದಿನ ಅಜ್ಜಿ ಮೂರು ಸಲ ಮುಂದೆ ಜಿಗಿದಳು. "ನನ್ನ ಪದಾ ನಂಗs ಕಲಸ್ತೀಯೇನ?" ಎಂದು ಸಿಡುಕಿದಳು.

"ಕಲಸಾಕತ್ತಿಲ್ಲ ಅಜ್ಜಿ. ತಡಿ ಅನ್ನಾಕತ್ತೇನಿ."

ಅಂದು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು. ಆದರೆ ಮರುದಿನ ಬೆಳಿಗ್ಗೆ ಅಜ್ಜಿ ತಾನೇ ಬಂದು ಕೂತಳು. ನಾಲಿಗೆಯ ಮೇಲೆ ತನಗೇ ನಂಬಿಕೆ ಇಲ್ಲದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಹೀಗೆ ಒಂದು ತಿಂಗಳು. ಕೊನೆಕೊನೆಗೆ ಮಧುಮತಿ ಅಜ್ಜಿಯ ಮುಖ ನೋಡುವುದನ್ನೇ ಮರೆತಳು.

ಧಾರವಾಡದಲ್ಲಿ ಅಜ್ಜಿಯನ್ನು ಒಳಗೆ ಬಿಡಲಿಲ್ಲ, ಕಿಟಕಿಯ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಹುಡುಗರು ಒಬ್ಬರಿಗಿಂತ ಒಬ್ಬರು ಜೋರು. ಮಧುಮತಿ ತನ್ನ ಸರದಿ ಬಂದಾಗ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಯಾರ ಮುಖವನ್ನೂ ನೋಡದೆ ಕಮಾನು ಎಳೆದಳು.

ಅಜ್ಜಿ ಉಸಿರು ತೆಗೆದುಕೊಳ್ಳುವಲ್ಲಿ ಕಮಾನು ಹಗುರಾಯಿತು, ಅಜ್ಜಿ ಎಳೆಯುವಲ್ಲಿ ತಾನೂ ಎಳೆಯಿತು. ಮೂರನೆಯ ಸಾಲಿಗೆ ಬಂದಾಗ ಮಾತ್ರ, ಅಜ್ಜಿ ಯಾವತ್ತೂ ಹತ್ತದ ಮೇಲಿನ ಷಡ್ಜಕ್ಕೆ ಬೆರಳು ತಾನಾಗಿಯೇ ಹತ್ತಿಬಿಟ್ಟಿತು. ಅವಳಿಗೆ ಹೆದರಿಕೆಯಾಗಲಿಲ್ಲ, ಭಾರೀ ಖುಷಿಯಾಯಿತು.

ನಾಲ್ಕು ನಿಮಿಷ ಮುಗಿಯಿತು. ಪರೀಕ್ಷಕಿಯೊಬ್ಬರು ತಮ್ಮ ವಯೋಲಿನ್ ಎತ್ತಿಕೊಂಡು, "ಈಗ ನಾ ನುಡಿಸಿದ್ದನ್ನ ಹಿಡಿ ನೋಡೂಣು," ಅಂದರು. ಮೊದಲು ನುಡಿಸಿದವರೆಲ್ಲ ಮುಗ್ಗರಿಸಿದ್ದು ಇಲ್ಲಿಯೇ. ಮಧುಮತಿಗೋ ಇದು ಎಂಟು ವರ್ಷದ ಉದ್ಯೋಗ. ಸೊಟ್ಟ ಸಾಲು ಕೊಟ್ಟರೂ ಹಿಡಿದಳು, ಓಡಿಸಿದರೂ ಹಿಡಿದಳು. ಕೊನೆಗೆ ಅವರೇ ನಕ್ಕು ವಯೋಲಿನ್ ಕೆಳಗಿಟ್ಟರು.

"ನಿನ್ನ ತಗೊಂಡೇವಿ. ಮುಂದಿನ ಸಾಲಿನಾಗ ಕೂಡು, ಉಳದವ್ರು ನಿನ್ನ ನೋಡಿ ಶುರು ಮಾಡ್ತಾರ."

ಹೊರಗೆ ಓಡಿಬಂದಳು. ಅಜ್ಜಿ ಕಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತಿದ್ದಳು.

"ಮೂರನೇ ಸಾಲಿನಾಗ ನನ್ನ ದಾಟಿ ಹೋದೆಲ್ಲ?"

"ಹೂಂ ಅಜ್ಜಿ."

"ಸೋಮವಾರ ಮಂಡಳ್ಯಾಗೂ ಹಂಗs ಹೋಗು. ನಾ ಹಿಂದ ಬರ್ತೇನಿ."