ಬಚ್ಚಲುಮನೆಯ ಗಾಳಿ ಪೈಪು

ಒಂದು ಕಡೆ ನೆಟ್ಟಗೆ ಕೂರುವ ಜಾಯಮಾನ ನನ್ನದಲ್ಲ. ಅದರಲ್ಲೂ ಆ ಚಳಿಗಾಲದಲ್ಲಿ ನಾನು ಕೂತ ನೆನಪೇ ಇಲ್ಲ. ಮಳವಳ್ಳಿಯ ನಮ್ಮ ಮನೆಯಲ್ಲಿ ಅಕ್ಕ ಬಾಣಂತಿ, ಬಚ್ಚಲುಮನೆಯಲ್ಲಿ ಹೊಸ ಬಾಯ್ಲರು. ಒಳಗೆ ಬೆಂಕಿ ಬಿದ್ದು ಸ್ವಲ್ಪ ಹೊತ್ತಾಯಿತೋ ಇಲ್ಲವೋ, ಗೋಡೆಯಾಚೆ ಯಾರೋ ಒನಕೆ ಹಿಡಿದು ಕುಟ್ಟುವ ಹಾಗೆ ಅದು ದಡ್ ದಡ್ ಎಂದು ಬಡಿದುಕೊಳ್ಳುತ್ತಿತ್ತು. ತೊಟ್ಟಿಲಲ್ಲಿ ಮಲಗಿದ್ದ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತುತ್ತಿತ್ತು. ನಾನು ತಿನ್ನುತ್ತಿದ್ದ ತಟ್ಟೆ ಬಿಟ್ಟು ಬಚ್ಚಲಿಗೆ ಓಡುತ್ತಿದ್ದೆ. ಓಡಿ ಹೋಗಿ ಮಾಡುವುದೇನು? ಅದರ ಮುಖ ನೋಡಿಕೊಂಡು ನಿಲ್ಲುವುದು, ಅಷ್ಟೆ.

ಇದು ಎಪ್ಪತ್ತರ ದಶಕದ ಮಾತು. ಅದುವರೆಗೆ ನಮ್ಮಲ್ಲಿ ಹಂಡೆ ಮತ್ತು ಒಲೆ. ಮಗಳು ಹೆರಿಗೆಗೆ ಬರುತ್ತಾಳೆ, ಬಾಣಂತಿ ಅಂದರೆ ಬಿಸಿನೀರು ಧಾರಾಳವಾಗಿ ಬೇಕು ಎಂದು ಅಪ್ಪ ತಾಮ್ರದ ಬಾಯ್ಲರು ತಂದರು. ಹಂಡೆಯನ್ನು ಹಳೇ ತಾಮ್ರವೆಂದು ಅಂಗಡಿಯವನಿಗೇ ಕೊಟ್ಟರು, ಜಾಗ ಸಾಲದೆಂದು ಒಲೆಯನ್ನೂ ಒಡೆಸಿದರು. ಹಿತ್ತಿಲಲ್ಲಿ ಕಟ್ಟೆಯ ಮೇಲೆ ಸಿಮೆಂಟಿನ ತೊಟ್ಟಿ ಎದ್ದಿತು. ಅಲ್ಲಿಂದ ಒಂದು ಪೈಪಿನಲ್ಲಿ ತಣ್ಣೀರು ಇಳಿದು ಬಾಯ್ಲರು ಸೇರುತ್ತಿತ್ತು. ಬಾಯ್ಲರಿನ ನಡುವೆ ಹಿಪ್ಪುನೇರಳೆ ಕಡ್ಡಿ ಹಾಕಿ ಉರಿ ಮಾಡಿದರೆ ಕೆಳಗಿನ ನಲ್ಲಿಯಲ್ಲಿ ಬಿಸಿನೀರು ಬರಬೇಕು. ಬಾಯ್ಲರಿನ ನೆತ್ತಿಯಿಂದ ಇನ್ನೊಂದು ಸಣ್ಣ ಪೈಪು ಗೋಡೆಗುಂಟ ತೊಟ್ಟಿಗಿಂತ ಎತ್ತರಕ್ಕೆ ಹತ್ತಿ, ಹೆಂಚಿನ ಹತ್ತಿರ ಬಚ್ಚಲ ಒಳಮುಖಕ್ಕೇ ಬಾಗಿ ನಿಂತಿತ್ತು. ಅದರ ಕಡೆ ನಾವ್ಯಾರೂ ತಿರುಗಿಯೂ ನೋಡಿರಲಿಲ್ಲ.

ಅಕ್ಕನಿಗೆ ಇದು ಎರಡನೆಯ ಹೆರಿಗೆ. ಮೊದಲನೆಯ ಕೂಸು ಇದೇ ಮನೆಯಲ್ಲಿ, ತಿಂಗಳು ತುಂಬುವ ಮೊದಲೇ ಹೋಗಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಎಲ್ಲರ ಎದೆಯಲ್ಲೂ ಅದೇ ಕೂತಿತ್ತು. ಈ ಸಲ ತಾಯಿ ಮಗು ಇಬ್ಬರೂ ನೆಟ್ಟಗೆ ಭಾರತೀನಗರಕ್ಕೆ, ಭಾವನ ಮನೆಗೆ ಹೋಗಿ ಸೇರಬೇಕು. ನಮಗೆ ಬೇರೆ ಏನೂ ಬೇಕಿರಲಿಲ್ಲ.

ಸದ್ದೊಂದೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ನೀರೂ ಬರುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ನೂಲಿನಷ್ಟು ಸಣ್ಣಗೆ ಸುರಿದು ನಿಲ್ಲುವುದು, ಆಮೇಲೆ ಇದ್ದಕ್ಕಿದ್ದಂತೆ ಫಸ್ಸೆಂದು ಕುದಿನೀರು ಉಗುಳುವುದು. ಒಂದು ದಿನ ಅವ್ವ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ನಲ್ಲಿ ಉಗುಳಿದ ನೀರು ಅವಳ ಮುಂಗೈ ಮೇಲೆ ಬಿತ್ತು, ಬೊಬ್ಬೆ ಎದ್ದಿತು. ಒಂದು ಗೇಣು ಈಚೆ ಬಿದ್ದಿದ್ದರೆ ಕೂಸಿನ ಹೊಟ್ಟೆ. ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ಮದ್ದೂರಿನ ಶಾಲೆಯಲ್ಲಿ ಪಾಠ ಹೇಳುತ್ತಾ ಹೇಳುತ್ತಾ, ಈಗ ಬೆಂಕಿ ಹಾಕಿರುತ್ತಾರೆ, ಈಗ ಅಕ್ಕ ಒಳಗೆ ಹೋಗಿರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಬೋರ್ಡಿನ ಮೇಲೆ ಏನು ಬರೆದೆನೋ ಆ ಮಕ್ಕಳಿಗೇ ಗೊತ್ತು.

ಅಪ್ಪ ಒಂದೊಂದು ದಿನ ಒಂದೊಂದು ಕಾರಣ ಕಂಡುಹಿಡಿದರು.

"ತೊಟ್ಟೀಲಿ ಕೆಸರು ಕೂತದೆ ಕಣಮ್ಮಿ, ಅದು ಅಡ್ಡ ಬತ್ತಾದೆ" ಅಂದರು. ಪಂಚೆ ಮೇಲೆ ಕಟ್ಟಿ ತೊಟ್ಟಿಗಿಳಿದು ಉಜ್ಜಿ ತೊಳೆದರು. ಮಾರನೆಯ ದಿನವೂ ದಡ್ ದಡ್. ನಲ್ಲಿಯ ವಾಷರ್ ಸವೆದಿದೆ ಅಂದರು, ಬದಲಾಯಿಸಿದರು. ಉರಿ ಹೆಚ್ಚಾಯಿತು ಅಂದರು. ಉರಿ ತಗ್ಗಿಸಿದರೆ ನೀರು ಉಗುರುಬೆಚ್ಚಗೂ ಆಗಲಿಲ್ಲ, ಅವ್ವ ಕೂಗಾಡಿದಳು. ಭಾನುವಾರ ಕೂಸು ನೋಡಲು ಬಂದ ಭಾವ ಬಾಯ್ಲರಿನ ಸುತ್ತ ಒಂದು ಸುತ್ತು ಹಾಕಿದರು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು.

"ನಮ್ ಫ್ಯಾಕ್ಟ್ರೀಲಿ ಮನೆ ಗಾತ್ರದ ಬಾಯ್ಲರು ಅವೆ. ಅವೂ ಇಂಗೆ ಎದೆ ಬಡ್ಕೊಳಾಕಿಲ್ಲ" ಅಂದರು.

"ಅಂಗಾದ್ರೆ ನಿಮ್ ಕೂಸ್ನ ಅಲ್ಗೇ ಕರ್ಕೊಂಡೋಗಿ ನೀರಾಕ್ಸಿ ಭಾವ" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಬಾಯ್ಲರು ಕೂರಿಸಿಕೊಟ್ಟವನು ಮದ್ದೂರಿನ ಅಂಗಡಿಯವನು. ಶಾಲೆ ಬಿಟ್ಟ ಮೇಲೆ ದಿನಾ ಅವನ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ದಿನಾ ಬೀಗ. ತಂಗಿಯ ಮದುವೆಗೆ ಊರಿಗೆ ಹೋದವನು ಬಂದಿಲ್ಲ ಎಂದು ಪಕ್ಕದ ಹೋಟೆಲಿನವರು ಹೇಳುತ್ತಿದ್ದರು. ಅದೇನು ಮದುವೆಯೋ, ಮುಗಿಯುವುದೇ ಬೇಡವೇ ಎಂದು ಬೈದುಕೊಂಡು ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ, ಬಾಗಿಲ ಹತ್ತಿರವೇ ನಿಂತು ಬರುತ್ತಿದ್ದೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ, ಅವ್ವ ನಡುಮನೆಯಲ್ಲಿ ಅಕ್ಕನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಬಚ್ಚಲಲ್ಲಿ ಆಗಲೇ ಬೆಂಕಿ, ಆಗಲೇ ಸದ್ದು. ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಹೋದೆ. ಹಗಲಲ್ಲೂ ಅಲ್ಲಿ ಕತ್ತಲೆ. ಬಾಣಂತಿಗೆ ಗಾಳಿ ಬೀಸಬಾರದೆಂದು ಅವ್ವ ಕಿಟಕಿ ಮುಚ್ಚಿ, ಹೆಂಚಿನ ಸಂದಿಗೂ ಬಾಗಿಲ ಬಿರುಕಿಗೂ ಹಳೇ ಸೀರೆಯ ತುಂಡು ತುರುಕಿ, ಮೇಲೆ ಸಗಣಿಮಣ್ಣು ಮೆತ್ತಿದ್ದಳು. ಸದ್ದು ಎಲ್ಲಿಂದ ಬರುತ್ತದೆ ನೋಡಿಯೇಬಿಡೋಣ ಎಂದು ತಣ್ಣೀರಿನ ಪೈಪಿಗೆ ಕಿವಿ ಕೊಟ್ಟೆ. ಕಿವಿ ಚುರುಕ್ಕೆಂದಿತು.

ತಣ್ಣೀರು ಇಳಿಯುವ ಪೈಪು ಬಿಸಿಯಾಗಿತ್ತು. ಅಂದರೆ ಒಳಗಿನ ಬಿಸಿನೀರು ಬಂದ ದಾರಿಯಲ್ಲೇ ವಾಪಸು ತೊಟ್ಟಿಯ ಕಡೆ ಹತ್ತುತ್ತಿದೆ. ಆವಿ ಹೊರಗೆ ಹೋಗಲಾರದೆ ನೀರನ್ನು ಹಿಂದಕ್ಕೆ ನೂಕುತ್ತಿದೆ, ತೊಟ್ಟಿಯ ನೀರು ಅದನ್ನು ಮತ್ತೆ ಕೆಳಕ್ಕೆ ಒತ್ತುತ್ತಿದೆ. ಇವೆರಡರ ಗುದ್ದಾಟವೇ ಆ ಸದ್ದು. ಹಾಗಾದರೆ ಆವಿ ಹೋಗುವ ದಾರಿಗೆ ಏನಾಯಿತು ಎಂದು ಯೋಚಿಸುತ್ತಿದ್ದಾಗಲೇ ಕೆನ್ನೆಯ ಮೇಲೆ ಬೆಚ್ಚಗಿನ ಹನಿ ಬಿತ್ತು. ಒರೆಸಿಕೊಂಡರೆ ಬೆರಳಿಗೆ ಮಣ್ಣು. ತಲೆ ಎತ್ತಿ ನೋಡಿದೆ. ಬಾಯ್ಲರಿನ ನೆತ್ತಿಯಿಂದ ಹತ್ತಿದ್ದ ಆ ಸಣ್ಣ ಪೈಪಿನ ಬಾಯಿಗೂ ಸಗಣಿಮಣ್ಣು ಮೆತ್ತಿತ್ತು.

ಮೊದಲು ಉರಿಯುವ ಕಡ್ಡಿಗಳನ್ನೆಲ್ಲ ಈಚೆಗೆ ಎಳೆದು ನೀರು ಎರಚಿದೆ. ಏಣಿ ತಂದು ಒರಗಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಇಕ್ಕಳದಲ್ಲಿ ಹಿಡಿದು ಎಳೆದೆ. ಮಣ್ಣು ಕಳಚಿತು, ಅದರ ಹಿಂದೆ ಸೀರೆಯ ತುಂಡು ಬಂತು, ಅದರ ಹಿಂದೆ ಲಾರಿ ಟೈರು ಪಂಚರಾದ ಹಾಗೆ ಆವಿ ಬುಸ್ಸೆಂದಿತು. ಬಾಯ್ಲರು ಗುಳುಗುಳು ಎಂದು ಸುಮ್ಮನಾಯಿತು. ಇಳಿದು ನಲ್ಲಿ ತಿರುಗಿಸಿದೆ. ಮೊದಲ ಸಲ ನೀರು ದಪ್ಪಗೆ, ಒಂದೇ ಸಮನೆ ಸುರಿಯಿತು.

ಸಮಾಧಾನ ಆಗಬೇಕಿತ್ತು. ಆಗಿದ್ದು ಸಿಟ್ಟು. ಹಬೆಯಾಡುತ್ತಿದ್ದ ಆ ಬಟ್ಟೆಯನ್ನು ಇಕ್ಕಳದಲ್ಲೇ ಹಿಡಿದುಕೊಂಡು ನಡುಮನೆಗೆ ಹೋದೆ.

"ಯಾರವ್ವ ಇದ್ನ ಪೈಪಿಗೆ ತುರುಕಿದ್ದು? ಬಾಯ್ಲರು ಒಡ್ದಿದ್ರೆ ತಾಯಿ ಕೂಸು ಇಬ್ರೂ ಬೆಂದೋಯ್ತಿದ್ರು."

ಅವ್ವ ಎಣ್ಣೆ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಾನೇ. ಆ ಮದ್ದೂರ್ನೋನು ಓಗೋವಾಗ ಏಳ್ಲಿಲ್ವಾ, ಇದು ಗಾಳಿ ಪೈಪು, ಇಲ್ಲಿ ಗಾಳಿ ಆಡ್ತಾ ಇರ್ಬೇಕು ಅಂತ. ಬಾಣಂತಿ ಬಚ್ಚಲಲ್ಲಿ ಯಾರಾದ್ರೂ ಗಾಳಿ ಆಡ್ಸಾರಾ?"

ನಮ್ಮ ಕಡೆ ಗಾಳಿ ಅಂದರೆ ಬರೀ ಬೀಸುವ ಗಾಳಿಯಲ್ಲ. ಬಾಣಂತಿಗೆ ಸೋಕಿದರೆ ಸನ್ನಿ, ಕೂಸಿಗೆ ಸೋಕಿದರೆ ಕೂಸೇ ಉಳಿಯುವುದಿಲ್ಲ ಅನ್ನುವ ಗಾಳಿ. ಅವನು ಹೇಳಿದ್ದು ಆವಿಯ ಮಾತು, ಅವಳಿಗೆ ಕೇಳಿಸಿದ್ದು ಇದು.

"ನಿನ್ ಗಾಳಿ ಮನೆ ಹಾಳಾಗ, ಇನ್ನೊಂದಿಷ್ಟು ದಿನ ಬುಟ್ಟಿದ್ರೆ ನೀನೇ ಕೂಸ್ನ ಕೊಲ್ತಿದ್ದೆ" ಅಂದುಬಿಟ್ಟೆ.

ಆಗ ಅವಳ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ, ಅಕ್ಕನ ನೆತ್ತಿಯನ್ನೇ ನೋಡುತ್ತಾ ಹೇಳಿದಳು.

"ಓದ್ ಸಲ ಹೊಗೆ ಓಗ್ಲಿ ಅಂತ ಬಚ್ಚಲ ಕಿಟಕಿ ತೆಗ್ದಿದ್ದೆ ಕಣಮ್ಮಿ. ನೀರಾಕೋವಾಗ ಮುಚ್ಚೋದು ಮರ್ತೋದೆ. ಅವತ್ತು ಸಂಜೇನೆ ಕೂಸು ಹಾಲು ಕುಡಿಯೋದು ನಿಲ್ಲಿಸ್ತು."

"ಅದು ಕಾಮಾಲೆ ಅಂತ ಮಂಡ್ಯದ ಡಾಕ್ಟ್ರು ಏಳಿದ್ರಲ್ಲವ್ವ" ಅಂದಳು ಅಕ್ಕ.

"ಡಾಕ್ಟ್ರು ಏಳ್ತಾರೆ. ಕಿಟಕಿ ತೆಗ್ದೋಳು ನಾನು."

ಇಕ್ಕಳವನ್ನು ಬಟ್ಟೆ ಸಮೇತ ಕೆಳಗಿಟ್ಟೆ. ಇಷ್ಟು ಕಾಲ ಇದನ್ನು ಒಬ್ಬಳೇ ನುಂಗಿಕೊಂಡು, ನಮಗೆಲ್ಲ ಅಡುಗೆ ಮಾಡಿ ಬಡಿಸಿಕೊಂಡು ಇದ್ದಳು. ಅವ್ವ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇವತ್ತಿಂದ ನೀನೇ ನೀರಾಕು. ನನ್ ಕೈ ಬ್ಯಾಡ" ಎಂದು ನನಗೆ ಹೇಳಿದಳು.

ಅಕ್ಕ ಎದ್ದಳು. ತೊಟ್ಟಿಲಿಂದ ಕೂಸನ್ನು ಎತ್ತಿ ಅವ್ವನ ಮಡಿಲಿಗೆ ಹಾಕಿದಳು. "ಅವಳ ಕೈಲಿ ಎಲ್ಲಿ ಆಯ್ತದೆ? ಕೂಸ್ಗೆ ನೀನೇ ಆಕ್ಬೇಕು, ನಂಗೂ ನೀನೇ ಆಕ್ಬೇಕು. ಏಳವ್ವ, ನೀರು ಆರೋಯ್ತದೆ" ಅಂದಳು.

ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದು ಬಚ್ಚಲಿಗೆ ಹೋದಳು, ನಾನು ಹಿಂದೆಯೇ ಹೋದೆ. ಪೈಪು ಮುಚ್ಚು ಅನ್ನಲಿಲ್ಲ. ಅದರ ಬಾಯನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಣೆಯನ್ನು ಈ ಕಡೆಗೆ ಎಳೆದುಕೊಂಡು, ಪೈಪಿಗೆ ಬೆನ್ನು ಹಾಕಿ, ಸೆರಗನ್ನು ಎರಡೂ ಭುಜದ ಮೇಲೆ ಅಗಲವಾಗಿ ಹೊದ್ದು, ಬರುವುದೇನಿದ್ದರೂ ಮೊದಲು ತನಗೇ ತಗಲುವ ಹಾಗೆ ಕೂತಳು. ಕಾಲು ಚಾಚಿ, ಕೂಸನ್ನು ಕೊಡು ಎಂದು ಕೈ ನೀಡಿದಳು.