ನನ್ನ ಹೆಸರಿಗೆ ಎದ್ದು ನಿಂತವಳು

ಬಿಸಿಯೂಟ ಇನ್ನೂ ಹೊಸದಾಗಿದ್ದ ಕಾಲದ ಮಾತು ಇದು. ಶಹಾಪುರದಿಂದ ಶಿರವಾಳದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ನಮ್ಮ ಶಾಲೆ ಅರ್ಧ ಖಾಲಿಯಾಗುತ್ತಿತ್ತು. ಮಧ್ಯಾಹ್ನ ಬೇಳೆ ಸಾರಿನ ವಾಸನೆ ಬರುವ ಹೊತ್ತಿಗೆ ನಾವೊಂದಷ್ಟು ಮಕ್ಕಳು ತಾಟು ಹಿಡಿದು ಬಂದು, ಉಂಡು, ಮತ್ತೆ ಹೊಲಕ್ಕೆ ಓಡುತ್ತಿದ್ದೆವು. ಹತ್ತಿಕಾಯಿಯ ಒಣ ಚುಂಚು ತಾಗಿ ಬೆರಳ ತುದಿಯೆಲ್ಲ ಗೀರಿರುತ್ತಿತ್ತು, ಬಿಸಿ ಸಾರಿನಲ್ಲಿ ಕೈ ಇಟ್ಟರೆ ಚುರುಚುರು ಎನ್ನುತ್ತಿತ್ತು. ಆ ದಿನಗಳನ್ನು ನೆನೆದು ಕಣ್ಣು ತುಂಬಿಕೊಳ್ಳುವವರಿದ್ದಾರೆ. ನನಗೆ ಬರುವುದು ಸಿಟ್ಟು.

ಆಗ ನಾನು ಆರನೇ ತರಗತಿ. ಹಾಜರಿ ಪುಸ್ತಕದಲ್ಲಿ ಶರಣಮ್ಮ ಎಂಬ ಹೆಸರಿತ್ತು, ಹೆಸರಿನವಳು ಹೊಲದಲ್ಲಿರುತ್ತಿದ್ದಳು, ಅವ್ವನ ಪಕ್ಕದ ಸಾಲಿನಲ್ಲಿ.

ಆ ವರ್ಷ ಪಟ್ಟಣದ ಬಿ.ಇಡಿ. ಕಾಲೇಜೊಂದರಿಂದ ಪಾಠ ಮಾಡುವುದನ್ನು ಕಲಿಯಲು ಕೆಲವರು ನಮ್ಮ ಶಾಲೆಗೆ ಬಂದರು. ನಾವು ಅವರನ್ನು ಟ್ರೇನಿಂಗ್ ಟೀಚರು ಎನ್ನುತ್ತಿದ್ದೆವು. ನಮ್ಮ ತರಗತಿಯ ಗಣಿತಕ್ಕೆ ಸಿಕ್ಕವರು ಕಕ್ಕೇರಾದ ಸುವರ್ಣಾ ಟೀಚರ್. ತೆಳ್ಳನೆಯ ಹುಡುಗಿ, ಸೀರೆ ಉಟ್ಟು ರೂಢಿಯಿರಲಿಲ್ಲ, ನೆರಿಗೆ ಎಲ್ಲಿ ಬಿಚ್ಚೀತೋ ಎಂದು ಒಂದು ಕೈ ಸದಾ ಸೊಂಟದ ಮೇಲೆ. ಬಂದ ದಿನ ಅವರ ಎದುರಿಗೆ ಬೆರಳೆಣಿಕೆಯ ಮಕ್ಕಳು. ಮಕ್ಕಳೇ ಇಲ್ಲದ ಮೇಲೆ ಪಾಠ ಮಾಡುವುದನ್ನು ಯಾರ ಮೇಲೆ ಕಲಿಯುವುದು? ಮರುದಿನ ಶಾಲೆ ಬಿಟ್ಟ ಮೇಲೆ ಅವರು ನೇರ ಹೊಲಕ್ಕೇ ಬಂದರು.

"ಯಕ್ಕಾ, ಹುಡುಗೀನ ಸಾಲಿಗಿ ಕಳಸ್ರಿ," ಎಂದರು ಅವ್ವನಿಗೆ.

ಅವ್ವನ ಕೈ ನಿಲ್ಲಲಿಲ್ಲ. "ಕಳಸಿದ್ರ ಈ ಹತ್ತಿ ಯಾರ ಬಿಡಸ್ತಾರ್ರಿ? ನೀವ ಬಿಡಸ್ತೀರೇನು?"

ಟೀಚರ್ ಸೆರಗು ಸಿಕ್ಕಿಸಿ ನನ್ನ ಸಾಲಿಗೆ ಇಳಿದರು. ಬಿಡಿಸಲು ಬರುತ್ತಿರಲಿಲ್ಲ, ಹತ್ತಿಯ ಜೊತೆ ಒಣ ಎಲೆಯ ಚೂರೂ ಕಿತ್ತು ಬರುತ್ತಿತ್ತು. ಆದರೂ ಹೊತ್ತು ಮುಳುಗುವವರೆಗೆ ಬಿಡಿಸಿದರು. ಅವ್ವನಿಗೆ ನಗು ಬಂತು. ಅವ್ವ ನಕ್ಕರೆ ಅರ್ಧ ಒಪ್ಪಿದಂತೆ.

"ಕಡೀ ದಿನ ನಮ್ಮ ಕಾಲೇಜಿನ ಸಾಹೇಬ್ರು ಬರ್ತಾರ್ರಿ. ಅವ್ರ ಮುಂದ ನಿಮ್ಮ ಶರಣಮ್ಮ ಬೋರ್ಡಿನ ಮ್ಯಾಗ ಲೆಕ್ಕ ಮಾಡಿ ತೋರಸ್ತಾಳ. ನೀವ ಬಂದು ನೋಡ್ರಿ," ಎಂದರು ಟೀಚರ್.

"ಅಲ್ಲಿತನಕ ಕಳಸ್ತೀನಿ, ಅವತ್ತ ಬರ್ತೀನಿ ತಗೋರಿ," ಎಂದಳು ಅವ್ವ. "ಈಕಿ ತಲ್ಯಾಗ ಏನರ ಹೋಗ್ಯದ ಅನಿಸಿದ್ರ ಸಾಲಿ ಬಿಡಸಂಗಿಲ್ಲ. ಇಲ್ಲಂದ್ರ ಮುಂದ ಹೊಲಾನ ಈಕಿಗಿ."

ಹೀಗೆ ನನ್ನ ಓದೆಲ್ಲ ಆ ಒಂದು ದಿನದ ಮೇಲೆ ನಿಂತಿತು.

ಪಾಠ ಭಿನ್ನರಾಶಿಯ ಭಾಗಾಕಾರ. ಟೀಚರ್ ಮೂರನ್ನು ಅರ್ಧದಿಂದ ಭಾಗಿಸುವ ಲೆಕ್ಕ ಬರೆದು, "ಅರ್ಧಾನ ತಿರುಗಿಸಿ ಬರೀರಿ. ಕೆಳಗಿನ ಅಂಕಿ ಮ್ಯಾಲ, ಮ್ಯಾಲಿಂದು ಕೆಳಗ. ಗುಣಸ್ರಿ. ಆರು," ಎಂದರು. ಎಲ್ಲರೂ ಬರೆದುಕೊಂಡರು. ನಾನು ಎದ್ದು ನಿಂತೆ.

"ಭಾಗ ಮಾಡಿದ್ರ ಕಮ್ಮಿ ಆಗಬೇಕಲ್ರಿ ಟೀಚರ್. ಮೂರು ಇದ್ದದ್ದು ಆರು ಯಾಕ್ರಿ?"

ನಮ್ಮ ಹೆಡ್ ಮಾಸ್ತರರ ತರಗತಿಯಾಗಿದ್ದರೆ ಅಂಗೈ ಕೆಂಪಾಗುತ್ತಿತ್ತು. ಟೀಚರ್ ಬೋರ್ಡು ನೋಡಿದರು, ಕೈಯಲ್ಲಿದ್ದ ಪುಸ್ತಕ ನೋಡಿದರು. "ನಾಳಿ ಹೇಳ್ತೀನಿ," ಎಂದರು. ನಾಳೆ ಎಂದ ದೊಡ್ಡವರು ಮರುದಿನ ನೆನಪಿಟ್ಟು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇವರು ಹೇಳಿದರು. "ನೋಡವ್ವ ಶರಣಮ್ಮ, ಯಾಕಂತ ನಂಗೂ ಗೊತ್ತಿರಲಿಲ್ಲ. ನಂಗ ಕಲಿಸಿದವ್ರೂ ತಿರುಗಿಸು ಅಂದ್ರು, ನಾನೂ ತಿರುಗಿಸಿದೆ. ನಿನ್ನಿ ರೂಮಿನ್ಯಾಗ ಕುಂತು ಹುಡುಕೀನಿ. ಬರ್ರಿ ಎಲ್ಲಾರೂ."

ಕರೆದುಕೊಂಡು ಹೋದದ್ದು ಅಡುಗೆ ಕೋಣೆಗೆ. ಬುಟ್ಟಿಯಲ್ಲಿ ಮೂರು ಸೇರು ಅಕ್ಕಿ ಸುರಿಸಿ, ಅರ್ಧ ಸೇರಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅಡುಗೆಯ ಆಯಿ, "ಒಂದ ಕಾಳ ಚೆಲ್ಲಿದ್ರ ನೋಡ್ರಿ ಮತ್ತ," ಎಂದು ಬಾಗಿಲಲ್ಲೇ ನಿಂತಳು. ಒಗ್ಗರಣೆಯ ಬೆಳ್ಳುಳ್ಳಿ ವಾಸನೆಗೆ ಹೊಟ್ಟೆ ಚುರುಗುಡುತ್ತಿದ್ದರೂ ಯಾರೂ ಅತ್ತ ತಿರುಗಲಿಲ್ಲ. ನಾನು ಅಳೆದೆ. ಆರು ಸಲ ತುಂಬಿತು.

"ಇಲ್ಲಿ ಯಾರಿಗೂ ಹಂಚಾಕತ್ತಿಲ್ಲ, ಅಳ್ಯಾಕತ್ತೀವಿ," ಎಂದರು ಟೀಚರ್. "ಮೂರರಾಗ ಅರ್ಧ ಎಷ್ಟ ಸಲ ಅದ ಅಂತ ಕೇಳಾಕತ್ತೀವಿ. ಒಂದರಾಗ ಎರಡು ಅರ್ಧ. ಮೂರರಾಗ?"

"ಹಂಗಿದ್ರ ಕಾಲು ಸೇರಿಲೆ ಅಳದ್ರ ಹನ್ನೆರಡು," ಎಂದೆ, ಅಳೆಯದೆಯೇ. ಟೀಚರ್ ಸೊಂಟದ ಮೇಲಿದ್ದ ಕೈ ತೆಗೆದು ನನ್ನ ತಲೆಯ ಮೇಲೆ ಇಟ್ಟರು. ಅಂಥ ಖುಷಿ ನನಗೆ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಆಮೇಲೆ ನಮಗೆ ಅಳೆಯುವ ಹುಚ್ಚು ಹಿಡಿಯಿತು. ಕುಂಟಾಟದ ಮನೆಗಳನ್ನು ಅರ್ಧ ಹೆಜ್ಜೆಯಲ್ಲಿ ಅಳೆದೆವು, ಶಾಲೆಯ ಕಟ್ಟೆಯನ್ನು ಮುರಿದ ಗೇಣುಪಟ್ಟಿಯಲ್ಲಿ ಅಳೆದೆವು. ಮನೆಯಲ್ಲಿ ಅವ್ವ ಜೋಳದ ಹಿಟ್ಟು ತೆಗೆಯುವಾಗ ಪಕ್ಕದಲ್ಲಿ ಕೂತು ಲೆಕ್ಕ ಹೇಳಿ ತಲೆ ತಿನ್ನುತ್ತಿದ್ದೆ. ಹೊಲಕ್ಕೆ ಹೋಗಿದ್ದ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ತರಗತಿಗೆ ಬಂದರು. ಟೀಚರ್ ನಮಗೆ ಕಲಿಸುತ್ತಿದ್ದರು, ನಾವು ಪ್ರಶ್ನೆ ಕೇಳಿ ಕೇಳಿ ಅವರನ್ನು ಟೀಚರ್ ಮಾಡುತ್ತಿದ್ದೆವು. ಆಗ ಅದು ಗೊತ್ತಾಗಲಿಲ್ಲ, ಈಗ ಗೊತ್ತಾಗುತ್ತದೆ.

ಕಡೆಯ ದಿನ ಬಂತು. ತಲೆಗೆ ಎಣ್ಣೆ ಹಚ್ಚಿ, ಪಕ್ಕದ ಮನೆಯವರ ಕೆಂಪು ರಿಬ್ಬನ್ನು ಕೇಳಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೇಜಿನ ಮೇಲೆ ಡಬ್ಬಿಗಳಿರಲಿಲ್ಲ. ಭಿನ್ನರಾಶಿ ತೋರಿಸುವ ಬಣ್ಣದ ರಟ್ಟಿನ ಚಕ್ರಗಳಿದ್ದವು, ನಾವು ಒಂದು ದಿನವೂ ಮುಟ್ಟದವು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ಟೀಚರ್, ಇವು ನಿನ್ನಿ ಮೊನ್ನಿ ಹೊಲದಾಗಿಂದ ಎದ್ದು ಬಂದಾವು. ಸಾಹೇಬ್ರ ಮುಂದ ಏನರ ಒದರಿ ನಿಮ್ಮ ಮಾರ್ಕ್ ಕೆಡಸ್ತಾವ. ಎಂಟನೇದವ್ರನ್ನ ತಂದು ಕುಂದ್ರಸ್ತೀನಿ. ಹಾಜರಿ ಇವರದ ಇರಲಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಈಕಿ ಅಂತೂ ಬ್ಯಾಡ. ಮಾತ ಮಾತಿಗೂ ಯಾಕ ಅಂತಾಳ."

ಟೀಚರ್ ಒಂದು ಮಾತು ಆಡಿದ್ದರೆ ಸಾಕಿತ್ತು. ಈ ಮಕ್ಕಳಿಗೆ ಬರುತ್ತದೆ ಎಂದಿದ್ದರೆ ಸಾಕಿತ್ತು. ಅವರು ಕಿಟಕಿಯಾಚೆ ಜೀಪಿನ ಧೂಳು ನೋಡಿದರು, ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಶರಣಮ್ಮ, ಎಲ್ಲಾರನ್ನೂ ಕರಕೊಂಡು ಬೇವಿನ ಗಿಡದ ಬುಡಕ ಕುಂದ್ರು ಹೋಗವ್ವ," ಎಂದರು.

"ಯಾಕ್ರಿ ಟೀಚರ್?"

ಈ ಸಲ ಅವರು ನಾಳೆ ಹೇಳುತ್ತೇನೆ ಎಂದೂ ಅನ್ನಲಿಲ್ಲ.

ಅವ್ವ ಹೇಳಿದಂತೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಸೊಂಟದಲ್ಲಿ ಮಾತ್ರ ಹತ್ತಿ ತುಂಬುವ ಬಟ್ಟೆ ಕಟ್ಟಿಯೇ ಇತ್ತು, ಇಲ್ಲಿಂದ ಮತ್ತೆ ಹೊಲಕ್ಕೆ ಹೋಗಬೇಕಲ್ಲ. ಗಿಡದ ಬುಡದಲ್ಲಿ ನನ್ನನ್ನು ನೋಡಿ, ಪಾಠ ಇನ್ನೂ ಶುರುವಾಗಿಲ್ಲ ಎಂದುಕೊಂಡಳು. ಆಮೇಲೆ ಒಳಗಿನ ದನಿ ಕೇಳಿ ಕಿಟಕಿಯ ಹತ್ತಿರ ಹೋಗಿ ನಿಂತಳು. ನಾನೂ ಹೋದೆ.

ಕಾಲೇಜಿನ ಸಾಹೇಬರು ಹಾಜರಿ ಪುಸ್ತಕ ತೆರೆದು, "ಶರಣಮ್ಮ ಯಾರು?" ಎಂದರು. ಎಂಟನೆಯವಳೊಬ್ಬಳು, ಬಟ್ಟೆ ಅಂಗಡಿಯವರ ಮಗಳು, ನನ್ನ ಜಾಗದಲ್ಲಿ ಎದ್ದು ನಿಂತಳು. ಮೂರನ್ನು ಅರ್ಧದಿಂದ ಭಾಗಿಸಿದರೆ ಎಷ್ಟು ಎಂದು ಕೇಳಿದರು. ಆರು ಎಂದಳು. ಹೇಗೆ ಎಂದರು. "ತಿರುಗಿಸಿ ಗುಣಿಸಬೇಕು ಸರ್," ಎಂದಳು. ಸಾಹೇಬರು "ಶಾಬಾಸ್" ಎಂದು ಏನೋ ಬರೆದುಕೊಂಡರು. ಯಾಕೆ ಎಂದು ಅವರೂ ಕೇಳಲಿಲ್ಲ.

"ನಿಮ್ಮ ಕ್ಲಾಸಿನ್ಯಾಗ ಇನ್ನೊಬ್ಬಾಕಿ ಶರಣಮ್ಮ ಅದಾಳೇನು?" ಎಂದಳು ಅವ್ವ.

"ಇಲ್ಲಬೇ."

ಅವ್ವ ನನ್ನ ಕೈ ಹಿಡಿದಳು. "ನಡಿ."

ಹೊಲದ ದಾರಿಯಲ್ಲಿ, "ಬೇ, ಆ ಲೆಕ್ಕ ನಂಗ ಬರ್ತದ. ಯಾಕಂತನೂ ಬರ್ತದ. ಹೇಳಲೇನು?" ಎಂದೆ.

"ನಂಗ ಹೇಳಿ ಏನ ಮಾಡ್ತಿ? ಕೇಳಬೇಕಾದವ್ರ ಕೇಳಲಿಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳಾಡಿಯಾದರೂ ಒಪ್ಪಿಸಬಹುದಿತ್ತು.

ಟೀಚರಿಗೆ ಒಳ್ಳೆಯ ಮಾರ್ಕು ಬಂತಂತೆ, ಶಾಲೆಯಲ್ಲಿ ಫೇಡೆ ಹಂಚಿದರಂತೆ. ನಾನು ಮುಂದಿನ ಹಂಗಾಮುಗಳನ್ನೆಲ್ಲ ಹೊಲದಲ್ಲಿ ಕಳೆದೆ. ಕೊನೆಗೆ ಸೋದರಮಾವ ಬಂದು ಅವ್ವನ ಜೊತೆ ಹಟ ಹಿಡಿದು ಶಹಾಪುರದ ಹಾಸ್ಟೆಲಿಗೆ ಸೇರಿಸಿದ. ಹೀಗೆ ಶಾಲೆ ಮತ್ತೆ ಸಿಕ್ಕಿತು, ಗಣಿತ ಸಿಗಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಕಂಡರೆ ನನಗೆ ಬೇವಿನ ಗಿಡದ ಬುಡವೇ ನೆನಪಾಗುತ್ತಿತ್ತು. ಎಲ್ಲರಂತೆ ನಾನೂ ತಿರುಗಿಸಿದೆ, ಗುಣಿಸಿದೆ, ಪಾಸಾದೆ.

ಈಗ ಸುರಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇಲ್ಲಿಗೂ ವರ್ಷವರ್ಷ ಟ್ರೇನಿಂಗಿನವರು ಬರುತ್ತಾರೆ. ರಟ್ಟಿನ ಚಕ್ರಗಳು ಈಗ ಅಂಗಡಿಯಲ್ಲೇ ಸಿದ್ಧವಾಗಿ ಸಿಗುತ್ತವೆ. ಚಕ್ರ ಹಿಡಿದುಕೊಂಡು ಮಕ್ಕಳ ಜೊತೆ ಮೊಬೈಲಿನಲ್ಲಿ ಫೋಟೊ ತೆಗೆಸಿ, ಮತ್ತೆ ಚೀಲಕ್ಕೆ ಹಾಕುತ್ತಾರೆ. ಪಾಠ ಮಾಡುವುದನ್ನು ಮಕ್ಕಳ ನಡುವೆ ನಿಂತೇ ಕಲಿಯಬೇಕು ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ನಿಜವೇ. ಸುವರ್ಣಾ ಟೀಚರ್ ನಮ್ಮ ನಡುವೆ ನಿಂತು ಎರಡು ಪಾಠ ಕಲಿತರು. ಅಡುಗೆ ಕೋಣೆಯಲ್ಲಿ ಕಲಿತದ್ದು ಒಂದು, ಆ ಕಡೆಯ ದಿನ ಕಲಿತದ್ದು ಇನ್ನೊಂದು. ಮಾರ್ಕು ಬಂದದ್ದು ಎರಡನೆಯದಕ್ಕೆ. ಈ ಸೀಮೆಯ ಯಾವುದೋ ಶಾಲೆಯಲ್ಲಿ ಅವರು ಗಣಿತ ಹೇಳುತ್ತಿರಬೇಕು, ಯಾವ ಪಾಠ ಅವರಲ್ಲಿ ಉಳಿದಿದೆಯೋ. ಎದುರಾದರೆ ಮಾತಾಡಿಸುವ ಮನಸ್ಸು ನನಗಂತೂ ಇಲ್ಲ. ಅವರ ಹಾಗೆ ಅಕ್ಕಿ ಅಳೆದು ಗಣಿತ ಹೇಳಬೇಕೆಂದು ಆಸೆಪಟ್ಟಿದ್ದ ಹುಡುಗಿಯನ್ನು ಅವರೇ ಹೊರಗೆ ಕಳಿಸಿದರು. ಆ ಹುಡುಗಿ ತಿರುಗಿ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ಅವ್ವನನ್ನು ಜೊತೆಗೆ ಕರೆತಂದಿದ್ದೆ. ಗೇಟಿನವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಒಳಗ ಬಾರಬೇ," ಎಂದೆ.

"ಒಲ್ಲೆ, ನೀ ಹೋಗು," ಎಂದಳು. "ಹೆಸರ ಕರದಾಗ ನೀನ ಏಳು."